ನಲವತ್ತೇಳು ಮನೆಯ ರೇಡಿಯೊ

ಜಂಬಮ್ಮ ಕೂಡ್ಲಿಗಿಯಿಂದ ಹೂವಿನಹಡಗಲಿಗೆ ಸೊಸೆಯಾಗಿ ಬಂದಾಗ ತವರಿನಿಂದ ಎರಡು ಸೀರೆ, ಒಂದು ಹಿತ್ತಾಳೆ ಕೊಡ, ಒಂದು ಆಂಪ್ಲಿಫೈಯರ್ ತಂದಿದ್ದಳು. ಕೊಡ ನೋಡಿ ತಲೆದೂಗಿದ ಓಣಿಯ ಹೆಂಗಸರು ಆಂಪ್ಲಿಫೈಯರ್ ನೋಡಿ ಬಾಯಿಗೆ ಸೆರಗು ಇಟ್ಟುಕೊಂಡರು.

“ಯವ್ವಾ, ಇದೇನಿದು? ಟ್ರಂಕಿಗೆ ಗುಂಡಿ ಹಚ್ಚಿ ಕಳಿಸ್ಯಾನೇನು ನಿಮ್ಮಪ್ಪ?” ಎಂದಳು ಎದುರು ಮನೆಯ ದ್ಯಾಮಕ್ಕ.

ಅಪ್ಪನದು ಕೂಡ್ಲಿಗಿಯಲ್ಲಿ ಮೈಕ್ ಸೆಟ್ಟಿನ ಅಂಗಡಿ. ಮದುವೆ, ಚುನಾವಣೆ ಭಾಷಣ, ಕಳೆದುಹೋದ ಎಮ್ಮೆಯ ಪ್ರಚಾರ, ಎಲ್ಲದಕ್ಕೂ ಅವನೇ. ಮಂದಿಯ ಮುಂದೆ ನಿಂತರೆ ಜಂಬಮ್ಮನ ನಾಲಿಗೆ ಒಣಗುತ್ತಿತ್ತು. ಶಾಲೆಯಲ್ಲಿ ಹಾಜರಿ ಕೂಗಿದರೆ ‘ಯಸ್ ಸಾರ್’ ಅನ್ನಲೂ ಪಕ್ಕದವಳು ತಿವಿಯಬೇಕು. ಆದರೆ ಶಾಮಿಯಾನದ ಹಿಂದಿನ ಮೂಲೆಯಲ್ಲಿ, ಯಾರಿಗೂ ಕಾಣದಂತೆ ಕೂರಿಸಿ ಅಪ್ಪ ಮೈಕ್ ಕೈಗೆ ಕೊಟ್ಟರೆ ಮುಗಿಯಿತು. “ಬೀಗರ ಕಡೆಯವರು ಇನ್ನೂ ಯಾಕ ನಾಚಿಕೊಂಡು ಕುಂತೀರಿ, ಬರ್ರಿ, ಹೋಳಿಗಿ ಆರತಾವ” ಎಂದು ಅವಳು ಕರೆದರೆ ಬೀಗರು ನಗುತ್ತ ಏಳುತ್ತಿದ್ದರು. ಕರೆದವಳು ಯಾರೆಂದು ಹುಡುಕಿದರೆ ಸಿಗುತ್ತಿರಲಿಲ್ಲ.

ಒಮ್ಮೆ, ಬೆಳಿಗ್ಗೆ ಸತ್ತವರ ಮನೆಯ ಭಜನೆಗೆ ಹೋಗಿಬಂದ ಮೈಕನ್ನೇ ಅಪ್ಪ ಸಂಜೆ ಮದುವೆಮನೆಗೆ ಹೊರಡಿಸಿದಾಗ ಅವ್ವ ಅಡ್ಡ ನಿಂತಿದ್ದಳು. ಅಪ್ಪ ನಕ್ಕು, “ಮೈಕಿಗೆ ಮಡಿ-ಮೈಲಿಗಿ ಇಲ್ಲ ಬಿಡು. ಅಳೋರಿಗೂ ಅದೇ, ನಗೋರಿಗೂ ಅದೇ. ಅದರ ಮುಂದ ಬಂದೋರನ್ನ ಹಿಂದಕ ಕಳಿಸಬಾರ್ದು, ಅಷ್ಟ” ಎಂದಿದ್ದ. ಜಂಬಮ್ಮ ಆಗ ಆರನೇ ತರಗತಿ.

ಹಡಗಲಿಯ ಆ ಓಣಿಯಲ್ಲಿ ಹೂ ಕಟ್ಟದ ಕೈ ಇರಲಿಲ್ಲ. ನಸುಕಿನಲ್ಲಿ ತೋಟದಿಂದ ಬಿಡಿಸಿ ತಂದ ಮಲ್ಲಿಗೆ ಮೊಗ್ಗು ಮನೆಮನೆಗೆ ಹಂಚಿಕೆಯಾಗಿ, ಮಧ್ಯಾಹ್ನದ ಬಸ್ಸಿಗೆ ಮಾಲೆಯಾಗಿ ಹೋಗಬೇಕು. ತಡವಾದರೆ ಮೊಗ್ಗು ಬುಟ್ಟಿಯಲ್ಲೇ ಅರಳಿ ಕೂರುತ್ತದೆ. ಹನ್ನೊಂದರಿಂದ ಒಂದರವರೆಗೆ ಓಣಿಯಲ್ಲಿ ಯಾರೂ ತಲೆ ಎತ್ತುತ್ತಿರಲಿಲ್ಲ. ಎರಡು ಮನೆಗಳಲ್ಲಿ ಟಿ.ವಿ. ಓಡುತ್ತಿತ್ತು, ನೋಡುವವರಿಲ್ಲ. ಜಂಬಮ್ಮ ಹೊಸ್ತಿಲಲ್ಲಿ ಕೂತು ಇದನ್ನೆಲ್ಲ ಕಂಡಳು. ಕೈ ಮೊಗ್ಗಿನ ಮೇಲೆ, ಕಣ್ಣು ದಾರದ ಮೇಲೆ. ಪುರಸೊತ್ತಾಗಿ ಬಿದ್ದಿರುವುದು ಕಿವಿ ಒಂದೇ.

ಗಂಡ ಹುಲುಗೇಶ ಕೇಬಲ್ ಟಿ.ವಿ.ಯ ಏಕಾಂತಪ್ಪನ ಹತ್ತಿರ ಲೈನ್‌ಮನ್. ಕಂಬ ಹತ್ತುವುದು, ವೈರು ಎಳೆಯುವುದು, ಇಳಿದು ಚಹ ಕುಡಿಯುವುದು ಅವನ ದಿನಚರಿ. ಒಂದು ದಿನ ಅವನ ಮುಂದೆ ಚಹ ಇಟ್ಟು ಜಂಬಮ್ಮ ಕೇಳಿದಳು, “ಆ ಕಂಬಕ್ಕ ಇನ್ನೊಂದು ಸಣ್ಣ ವೈರು ಕಟ್ಟಿದ್ರ ಭಾರ ಆಕ್ಕೈತೇನು?”

“ಯಾತಕ್ಕ?”

“ಮನಿಗೊಂದು ಸ್ಪೀಕರ್ ಡಬ್ಬಿ. ನಮ್ಮ ಮನ್ಯಾಗ ನಾನು ಮಾತಾಡ್ತೀನಿ, ಓಣಿ ತುಂಬ ಕೇಳ್ತೈತಿ.”

ಹುಲುಗೇಶ ಬಸಿಯಲ್ಲಿದ್ದ ಚಹ ಕುಡಿಯುವುದನ್ನು ಮರೆತ. “ನೀನು? ಮಾತಾಡ್ತೀ? ನಮ್ಮಪ್ಪ ಬಂದ್ರ ಅಡಗಿಮನಿಗೆ ಓಡೋಕಿ!”

“ಮಾತಾಡೋವಾಗ ನಾನು ಯಾರಿಗೂ ಕಾಣಂಗಿಲ್ಲಲ್ಲ.”

ಅವಳೊಳಗಿನ ಗುಟ್ಟು ಅವನಿಗೆ ಆಗಲೇ ತಿಳಿದದ್ದು. ಮಾರನೆಯ ದಿನ ಏಕಾಂತಪ್ಪನ ಮುಂದೆ ಇಬ್ಬರೂ ನಿಂತರು. ಏಕಾಂತಪ್ಪ ಕೆಟ್ಟವನಲ್ಲ, ಆದರೆ ತಕರಾರು ಅಂದರೆ ಅವನಿಗೆ ಆಗದು. ಕತ್ತು ತುರಿಸಿಕೊಂಡು ಹೇಳಿದ, “ಕಟ್ಟ್ರಿ. ನಮ್ಮ ಅವ್ವನ ಮನಿಗೂ ಒಂದು ಡಬ್ಬಿ ಹಾಕ್ರಿ, ಹೊತ್ತು ಹೋಗಂಗಿಲ್ಲ ಅಂತಾಳ. ಆದ್ರ ಒಂದು ಮಾತು. ಕಂಬ ನಂದು. ಯಾರಾರ ಒಬ್ರು ನಮ್ಮ ಮನಿಮುಂದಿನ ಕಟ್ಟಿಗೆ ಬಂದು ‘ಏನ್ರಿ ಇದು’ ಅಂದ್ರ ಸಾಕು, ಅವತ್ತ ವೈರು ಇಳಿಸ್ತೀನಿ. ಹುಲುಗೇಶನ ಕೈಲೇ ಇಳಿಸ್ತೀನಿ.”

ಹೀಗೆ ಎರಡು ಸಾವಿರದ ಮೂರನೇ ಇಸವಿಯ ಶ್ರಾವಣದಲ್ಲಿ ಹತ್ತೊಂಬತ್ತು ಮನೆಗಳಿಗೆ ವೈರು ಹೋಯಿತು. ಚಹಾಪುಡಿಯ ಪೆಟ್ಟಿಗೆಯ ಹಲಗೆ ಕೊಯ್ದು ಡಬ್ಬಿ ಮಾಡಿದರು. ಕರೆಂಟಿನ ಭರವಸೆ ಇಲ್ಲದ್ದರಿಂದ ಅಪ್ಪ ಬಸ್ಸಿನಲ್ಲಿ ಒಂದು ಬ್ಯಾಟರಿ ಕಳಿಸಿದ. ಒಳಕೋಣೆಯ ಜೋಳದ ಚೀಲಗಳ ನಡುವೆ ಮೈಕ್ ಇಟ್ಟುಕೊಂಡು, ಬಾಗಿಲು ಮುಂದಕ್ಕೆ ಮಾಡಿ, ಹನ್ನೊಂದು ಗಂಟೆಗೆ ಜಂಬಮ್ಮ ಬಾಯಿ ತೆರೆದಳು: “ಎಲ್ಲ ಕೇಳುಗರಿಗೂ ನಮಸ್ಕಾರ. ಈಗ ಸಮಯ ಹನ್ನೊಂದು ಗಂಟೆ. ಇಂದಿನ ಕಾರ್ಯಕ್ರಮದಲ್ಲಿ ಮೊದಲಿಗೆ ಬಾಣಂತಿಯರ ಆರೈಕೆ ಕುರಿತು ಮಾಹಿತಿ.”

ಒಂದು ತಿಂಗಳು ಹೀಗೇ ನಡೆಯಿತು. ಮಾಲೆ ಒಯ್ಯಲು ಬರುವ ಏಜೆಂಟ್ ಶ್ರೀನಾಥ ಒಂದು ದಿನ ಅವಳ ಬಾಗಿಲಲ್ಲೇ ನಿಂತು ಹೊಗಳಿದ. “ನಿಮ್ಮ ರೇಡಿಯೊ ಬಂದ ಮ್ಯಾಲ ಈ ಓಣಿ ಮಾಲಿ ಬಿಗಿ ಅಂದ್ರ ಬಿಗಿ ನೋಡ್ರಿ. ಒಂದು ಮೊಗ್ಗು ಅಲ್ಲಾಡಂಗಿಲ್ಲ.”

ಜಂಬಮ್ಮ ಹಿಗ್ಗಿ ಹೋಗಿ ದ್ಯಾಮಕ್ಕನಿಗೆ ಹೇಳಿದಳು. ದ್ಯಾಮಕ್ಕ ಓಣಿಯಲ್ಲೇ ಹೂವಿಗೆ ದೊಡ್ಡ ಕೈ. ಐವತ್ತು ದಾಟಿದ ವಿಧವೆ, ಅವಳ ನಾಲಿಗೆಗೆ ಹೆದರದವರು ಕಡಿಮೆ.

“ಹುಚ್ಚಿ, ಅದು ನಿನಗ ಬೈಗಳ” ಎಂದಳು ದ್ಯಾಮಕ್ಕ, ದಾರವನ್ನು ಕಾಲ್ಬೆರಳಿಗೆ ಸುತ್ತಿಕೊಳ್ಳುತ್ತ. “ಮಾತಿಗೆ ಕಿವಿ ಸೋತ್ರ ಕೈ ಸಡ್ಲಾಕ್ಕೈತಿ. ಮನ್ನೆ ನಮ್ಮ ದರ್ಜಿ ಮನಿ ಗೀತಾಂಜಲಿ ತನ್ನ ಅತ್ತಿ ಸುದ್ದಿ ಹೇಳಿದ್ಲು ನೋಡು, ಅವತ್ತು ನನ್ನ ಮಾಲಿ ಒಂದು ಮಾರಿಗೆ ನಾಕು ಮೊಗ್ಗು ಉದುರಿದ್ವು. ನೀ ಮಾತಾಡೋವಾಗ ಒಂದಾರ ಉದುರೈತೇನು?”

ಆ ಮಾತು ಜಂಬಮ್ಮನನ್ನು ಎರಡು ದಿನ ಕೊರೆಯಿತು. ಮೂರನೆಯ ದಿನ ಕ್ಯಾಸೆಟ್ ರೆಕಾರ್ಡರ್ ಹಿಡಿದು ತಾನೇ ಮನೆಮನೆಗೆ ಹೋದಳು. ಓಣಿಯವರೇ ಮಾತಾಡಲಿ ಅನ್ನುವುದು ಅವಳ ಲೆಕ್ಕ. ಎದುರಿಗೆ ಕೂತು ಕೇಳುವುದೆಂದರೆ ಜೀವ ಬಾಯಿಗೆ ಬರುವುದರಿಂದ ಪ್ರಶ್ನೆಗಳನ್ನು ಹಾಳೆಯಲ್ಲಿ ಬರೆದುಕೊಂಡಿದ್ದಳು. ಒಂದು, ನಿಮ್ಮ ಹೆಸರು. ಎರಡು, ಯಜಮಾನರ ಹೆಸರು. ಮೂರು, ಎಷ್ಟು ವರ್ಷದಿಂದ ಹೂ ಕಟ್ಟುತ್ತೀರಿ.

ಮನೆಗೆ ಬಂದು ಕ್ಯಾಸೆಟ್ ಹಾಕಿ ಕೇಳಿದರೆ ಹನ್ನೆರಡು ಮನೆಯ ಮಾತೂ ಒಂದೇ ಜಾಗದಲ್ಲಿ ನಿಂತಿತ್ತು. ಹೆಸರು ಹೇಳುತ್ತಾರೆ. ಯಜಮಾನರ ಹೆಸರು ಕೇಳಿದೊಡನೆ ಮೌನ. ಬಳೆಯ ಸಪ್ಪಳ. ಕಿಸಕ್ಕನೆ ಒಂದು ನಗೆ. ದೂರದಲ್ಲಿ ಕೋಳಿ. ಆಮೇಲೆ, “ಅದನ್ನೆಲ್ಲ ಯಾಕ ಕೇಳ್ತಿ, ಏಳವ್ವ.”

ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವಂತಿಲ್ಲ ಎಂಬುದು ಅವಳಿಗೆ ಗೊತ್ತಿಲ್ಲದ್ದಲ್ಲ. ಪ್ರಶ್ನೆ ಬರೆಯುವಾಗ ಅವಳು ಓಣಿಯ ಸೊಸೆಯಾಗಿರಲಿಲ್ಲ, ದೊಡ್ಡ ರೇಡಿಯೊದವಳಾಗಿದ್ದಳು. ಅಲ್ಲೇ ಎಡವಿದ್ದಳು.

ಮಾರನೆಯ ದಿನ ಮೈಕಿನ ಮುಂದೆ ಕೂತು, ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟಳು. “ನಿನ್ನೆ ನಾನು ಹನ್ನೆರಡು ಮನ್ಯಾಗ ತಪ್ಪು ಪ್ರಶ್ನಿ ಕೇಳಿ ಬಂದೀನ್ರಿ. ನೀವು ಎಲ್ಲರೂ ನಕ್ಕೀರಿ. ಮೊದಲು ನಾನ ಹೇಳಿ ಆಮ್ಯಾಲ ಕೇಳಬೇಕಿತ್ತು. ಬಸುರಿಯ ಕುಬಸದ ಕಾರ್ಯದಾಗ ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೆಣದು ಒಡಪು ಹೇಳಸ್ತಾರಲ್ಲ, ಹಂಗ ಹೇಳ್ತೀನಿ, ಕೇಳ್ರಿ:

ಕಂಬ ಹತ್ತಿ ವೈರು ಕಟ್ಟೋದು ಅವರ ಕೆಲಸ,
ಇಳದು ಬಂದು ಚಾ ಕೇಳೋದು ದಿನದ ಕೆಲಸ,
ಹುಲುಗೇಶ ರಾಯರು ನನ್ನ ಬಾಳಿಗೆ ಕಳಸ.”

ಆಮೇಲೆ ಕಿಟಕಿಯಿಂದ ನಗೆಯ ಅಲೆಯೊಂದು ಒಳಗೆ ಬಂತು. ಎದುರು ಮನೆಯಿಂದ, ಅದರಾಚೆಯಿಂದ, ಓಣಿಯ ಕೊನೆಯಿಂದ. ಆ ದಿನ ಶ್ರೀನಾಥ ಮಾಲೆ ಎತ್ತಿ ಹಿಡಿದು ಗೊಣಗಿದ, “ಏನ್ ಆಗೈತ್ರಿ ಇವತ್ತು, ಎಲ್ಲಾ ಸಡ್ಲ?” ಜಂಬಮ್ಮ ಬಾಗಿಲ ಮರೆಯಲ್ಲಿ ನಿಂತು ಅದನ್ನು ಕೇಳಿಸಿಕೊಂಡಳು. ಹೊಟ್ಟೆ ತುಂಬಿತು.

‘ಹೆಸರು ಹೇಳ್ರಿ’ ಹುಟ್ಟಿದ್ದು ಹೀಗೆ. ದಿನಕ್ಕೊಬ್ಬಳು ಜೋಳದ ಚೀಲಗಳ ನಡುವೆ ಬಂದು ಕೂರುತ್ತಿದ್ದಳು. ತನ್ನ ಸುದ್ದಿ, ತವರಿನ ಸುದ್ದಿ, ಕೊನೆಗೆ ಒಡಪು. ದರ್ಜಿ ಗವಿಸಿದ್ದೇಶನ ಹೆಂಡತಿ ಗೀತಾಂಜಲಿ ಬಂದ ದಿನವಂತೂ ಓಣಿ ಬಿದ್ದು ಬಿದ್ದು ನಕ್ಕಿತು:

“ಊರ ಮಂದಿ ಅಂಗಿ ಎಲ್ಲ ಅಳದು ಹೊಲದಾರ,
ನನ್ನ ಕುಬಸ ಮಾತ್ರ ಮೂರು ಸಲ ಬಿಚ್ಚಿ ಹೊಲದಾರ,
ಗವಿಸಿದ್ದೇಶ ರಾಯರು ಟೇಲರ್ ಅಂತ ಮೆರದಾರ!”

ಸಂಜೆ ಗವಿಸಿದ್ದೇಶ ಅಂಗಡಿ ಬಾಗಿಲು ಅರ್ಧ ಇಳಿಸಿಕೊಂಡು ಕೂತಿದ್ದನಂತೆ. ಆದರೆ ಆ ವಾರ ಅವನಿಗೆ ಹೊಲಿಗೆ ಹೆಚ್ಚಾಯಿತು. ಹಗರಿಬೊಮ್ಮನಹಳ್ಳಿಗೆ ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬಂದರೆ ಅವ್ವನನ್ನು ಮಾತಾಡಿಸುವ ಮೊದಲು ಜಂಬಮ್ಮನ ಮನೆಗೆ ಬರುತ್ತಿದ್ದರು. ಹೊಳಲಿನಿಂದ ಇಬ್ಬರು ಅಕ್ಕತಂಗಿಯರು ಬಸ್ಸು ಹತ್ತಿ ಬಂದು, ಹೇಳಿ, ಮುಂದಿನ ಬಸ್ಸಿಗೆ ಹೋದರು. ಯುಗಾದಿಯ ಹೊತ್ತಿಗೆ ಹತ್ತೊಂಬತ್ತು ಡಬ್ಬಿ ನಲವತ್ತೇಳಾದವು. ಮುಖ ಯಾರಿಗೂ ತೋರಿಸದ ಜಂಬಮ್ಮ ಹಾಲು ತರಲು ಹೋದರೆ, ದನಿ ಕೇಳಿಯೇ ಮಂದಿ ಹಿಂತಿರುಗಿ ನೋಡುತ್ತಿದ್ದರು.

ಒಂದು ಮಾತು ಮಾತ್ರ ಅವಳಿಗೆ ಮೆಲ್ಲಗೆ ತಿಳಿಯತೊಡಗಿತು. ಇಷ್ಟು ಒಡಪು ಇಷ್ಟು ಬಾಯಿಂದ ಬರುತ್ತಿದ್ದರೂ ಅವುಗಳ ಚೂಪು ಒಂದೇ. ಕೇಳಿದರೆ ಗೀತಾಂಜಲಿ ನಕ್ಕಳು. “ನಿನಗ ಗೊತ್ತಿಲ್ಲೇನಕ್ಕ? ಎಲ್ಲಾ ದ್ಯಾಮಕ್ಕನ ಕಡಿಂದ ಕಟ್ಟಿಸಿಕೊಂಡು ಬರ್ತೀವಿ. ಒಂದು ಮಾರು ಹೂ ಕಟ್ಟೋದರಾಗ ಒಂದು ಒಡಪು ಕಟ್ತಾಳ ಆಕಿ.”

ದ್ಯಾಮಕ್ಕ ಮಾತ್ರ ಮೈಕಿನ ಮುಂದೆ ಎಂದೂ ಕೂತಿರಲಿಲ್ಲ. ಯಾರೂ ಕರೆದಿರಲಿಲ್ಲ. ಒಡಪು ಮುತ್ತೈದೆಯರದು. ಗಂಡ ಹೋದವಳು ಹೂ ಕಟ್ಟಬಹುದು, ಮುಡಿಯುವಂತಿಲ್ಲ. ಒಡಪು ಕಟ್ಟಬಹುದು, ಹೇಳುವಂತಿಲ್ಲ. ಅದನ್ನು ಯಾರೂ ಯಾರಿಗೂ ಬಿಡಿಸಿ ಹೇಳಿರಲಿಲ್ಲ.

ಚೈತ್ರದ ಒಂದು ಮಧ್ಯಾಹ್ನ ಕಾರ್ಯಕ್ರಮ ಮುಗಿದು ಜಂಬಮ್ಮ ವೈರು ಸುತ್ತುತ್ತಿದ್ದಾಗ ದ್ಯಾಮಕ್ಕ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಹೂ ಇರಲಿಲ್ಲ. ಅದೇ ಒಂದು ವಿಚಿತ್ರ.

“ಜಂಬವ್ವ, ನಂದೂ ಒಂದೈತಿ.”

“ಏನು ದ್ಯಾಮಕ್ಕ?”

“ಒಡಪು. ಇಪ್ಪತ್ತೆರಡು ವರ್ಷಾತು ಕಟ್ಟಿ ಇಟ್ಟು. ನಾಳೆ ಬರ್ಲೇನು?”

ಜಂಬಮ್ಮನ ಕಣ್ಣ ಮುಂದೆ ಏಕಾಂತಪ್ಪನ ಕಟ್ಟೆ ಬಂತು, ಕಂಬ ಬಂತು. ಶಕುನ ನೋಡದೆ ಹೊಸ್ತಿಲು ದಾಟದ ಓಣಿಯ ಉಚ್ಚಂಗೆಮ್ಮನ ಮುಖವೂ ಬಂತು. ಅವಳ ಬಸುರಿ ಸೊಸೆ ಡಬ್ಬಿಯ ಕೆಳಗೇ ಕೂತು ಹೂ ಕಟ್ಟುವವಳು, ವಿಧವೆಯ ಒಡಪು ಅವಳ ಕಿವಿಗೆ ಬಿದ್ದರೆ ಅತ್ತೆ ಸುಮ್ಮನಿರುವವಳಲ್ಲ. ಒಂದು ತಕರಾರು ಸಾಕು. ನಲವತ್ತೇಳು ಮನೆಯೂ ಒಂದೇ ದಿನ ಕಿವುಡಾಗುತ್ತವೆ.

“ನಾಳೆ… ಕೊಟ್ಟೂರಿಂದ ಬಂದ ಹೊಸ ಸೊಸಿ ಬರ್ತಾಳ ಅಕ್ಕ. ಆಮ್ಯಾಲ ನೋಡೋಣಲ್ಲ.”

ದ್ಯಾಮಕ್ಕ ಅವಳನ್ನು ಒಂದು ಗಳಿಗೆ ನೋಡಿದಳು. “ಆತು ಬಿಡು” ಎಂದು ನಕ್ಕು ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಕೊಟ್ಟೂರಿನ ಸೊಸೆ ಬಂದು ಕೂತಳು. ಸೆರಗಿನ ತುದಿಯಲ್ಲಿ ಒಂದು ಚೀಟಿ. ತಡವರಿಸುತ್ತ ಓದಿದಳು, ಓಣಿ ನಕ್ಕಿತು. ಒಡಪು ದ್ಯಾಮಕ್ಕನದೇ. ಬಾಗಿಲಿನಿಂದ ಹಿಂದಕ್ಕೆ ಕಳಿಸಿಕೊಂಡವಳು ಮನೆಗೆ ಹೋಗಿ, ಬೇರೆಯವಳ ಬಾಯಿಗೆ ಒಡಪು ಕಟ್ಟಿಕೊಟ್ಟಿದ್ದಳು, ಎಂದಿನಂತೆ.

ಜಂಬಮ್ಮನ ಕಿವಿಯಲ್ಲಿ ಅಪ್ಪನ ಮಾತು ಕೂಗಿತು. ಅವಳು ಮೈಕಿಗೆ “ಐದು ನಿಮಿಷ ತಡೀರಿ” ಎಂದು ಹೇಳಿ, ಬಿಸಿಲಿನಲ್ಲಿ ಬರಿಗಾಲಲ್ಲಿ ಓಣಿ ದಾಟಿದಳು. ನಡುಬೀದಿಯಲ್ಲಿ, ಎಲ್ಲರೂ ನೋಡುತ್ತಿರುವಾಗ, ಅವಳ ಬಾಯಿ ಒಣಗಲಿಲ್ಲ.

“ದ್ಯಾಮಕ್ಕಾ, ಏಳು. ನಿನ್ನೆ ನಂದು ತಪ್ಪಾತು.”

“ಬ್ಯಾಡ ಬಿಡೇ. ನಿನ್ನ ವೈರು ಹೋಗ್ತೈತಿ.”

“ನೀ ಹೇಳಲಾರದ ರೇಡಿಯೊ ಇದ್ರೆಷ್ಟು, ಹೋದ್ರೆಷ್ಟು. ಏಳು ಅಂದ್ರ.”

ದ್ಯಾಮಕ್ಕ ಸೆರಗು ಕೊಡವಿ ಎದ್ದಳು. ಮೈಕಿನ ಮುಂದೆ ಕೂತಾಗ ಅವಳ ಗಟ್ಟಿ ದನಿ ತಗ್ಗಿತ್ತು, ಆದರೆ ನಡುಗುತ್ತಿರಲಿಲ್ಲ. “ನಾನು ದ್ಯಾಮಕ್ಕ. ನಮ್ಮನಿಯವರು ಹೂವಿನ ಬುಟ್ಟಿ ಬಸ್ಸಿಗೆ ಹೇರೋರು. ಹರಪನಹಳ್ಳಿತನಕ ಬಸ್ಸಿನ ಮ್ಯಾಲ ಕುಂತು, ಬುಟ್ಟಿ ಹಿಡಕೊಂಡು ಹೋಗೋರು. ನಿಮಗ ಅವರ ಹೆಸರು ಹೇಳ್ತೀನಿ.

ಬುಟ್ಟಿ ಬುಟ್ಟಿ ಮಲ್ಲಿಗಿ ಬಸ್ಸಿಗೆ ಹೇರತಿದ್ರು,
ಊರು ದಾಟೋತನಕ ತಿರುಗಿ ತಿರುಗಿ ನೋಡತಿದ್ರು,
ಮುಡ್ಯಾಕ ಹೂವಿಲ್ಲ, ಕಟ್ಟಾಕ ಕೈ ಐತಿ,
ಪಾಲಣ್ಣರ ಹೆಸರು ಬಾಯಾಗ ಇನ್ನೂ ಬಾಡದಂಗ ಐತಿ.”

ಕಿಟಕಿಯಿಂದ ನಗೆ ಬರಲಿಲ್ಲ. ಓಣಿಯಲ್ಲಿ ಒಂದು ಬಾಗಿಲು ದಡಕ್ಕನೆ ಮುಚ್ಚಿಕೊಂಡಿತು. ಉಚ್ಚಂಗೆಮ್ಮ ಚಪ್ಪಲಿ ಮೆಟ್ಟಿಕೊಂಡು ಏಕಾಂತಪ್ಪನ ಮನೆಯ ಕಡೆ ನಡೆದದ್ದನ್ನು ಜಂಬಮ್ಮ ಕಂಡಳು.

ಮರುದಿನ ಬೆಳಿಗ್ಗೆ ಹುಲುಗೇಶ ಚಹ ಮುಟ್ಟದೆ ಕೂತಿದ್ದ. “ವೈರು ಇಳಸು ಅಂದಾನ ಸಾವ್ಕಾರ. ಹನ್ನೊಂದರ ಒಳಗ.”

“ಕಂಬ ಅವರದು” ಎಂದಳು ಜಂಬಮ್ಮ. “ನೀನು ಹೋಗು. ನಾನು ಹನ್ನೊಂದಕ್ಕ ಶುರು ಮಾಡ್ತೀನಿ. ಎಲ್ಲಿತನಕ ಹೋಗ್ತೈತೋ ಅಲ್ಲಿತನಕ ಹೋಗ್ಲಿ.”

ಹುಲುಗೇಶನಿಗೆ ಆ ದಿನ ಏಣಿ ಸಿಗಲಿಲ್ಲ. ಏಣಿ ಸಿಕ್ಕಾಗ ಇಕ್ಕಳ ಸಿಗಲಿಲ್ಲ. ಇಕ್ಕಳ ಸಿಕ್ಕಾಗ ಅದು ಮೊಂಡ ಎಂದು ಕಲ್ಲಿಗೆ ಉಜ್ಜುತ್ತ ಕೂತ. ಕೊನೆಗೆ ಏಕಾಂತಪ್ಪನೇ ಬಂದು ಕಂಬದ ಬುಡದಲ್ಲಿ ನಿಂತಾಗ ಹನ್ನೊಂದೂ ಹತ್ತು. ಡಬ್ಬಿಗಳಲ್ಲಿ ಆಗಲೇ ಜಂಬಮ್ಮನ ದನಿ ಹರಿಯುತ್ತಿತ್ತು. ಪಕ್ಕದಲ್ಲಿ ದ್ಯಾಮಕ್ಕ ಧೈರ್ಯಕ್ಕೆಂದು ಹೂ ಕಟ್ಟುತ್ತ ಕೂತಿದ್ದಳು. ಕಿಟಕಿಯಲ್ಲಿ ಜಂಬಮ್ಮನಿಗೆ ಕಂಬ ಹತ್ತುತ್ತಿರುವ ಗಂಡನ ಕಾಲು ಕಾಣುತ್ತಿತ್ತು. ಇಷ್ಟು ನಿಧಾನ ಅವನು ಯಾವತ್ತೂ ಹತ್ತಿದವನಲ್ಲ.

ಆಗ ಮುಂದೆ ಮಾಡಿದ್ದ ಬಾಗಿಲು ತೆರೆಯಿತು. ಬಿಳಿ ಸೀರೆಯ ಮುದುಕಿ, ಹಣೆಯಲ್ಲಿ ವಿಭೂತಿ, ಏದುಸಿರು. ಏಕಾಂತಪ್ಪನ ತಾಯಿ ಅನ್ನದಾನಮ್ಮ. ಎರಡು ಓಣಿ ದಾಟಿ ಒಬ್ಬಳೇ ನಡೆದು ಬಂದಿದ್ದಳು. ಜಂಬಮ್ಮ ಎದ್ದು ನಿಂತಳು. ಇವರೇ ಬೈಯಲು ಬಂದರೆ ಇನ್ನು ಉಳಿದದ್ದೇನು?

“ಕುಂಡ್ರವ್ವ, ಕುಂಡ್ರು” ಎಂದಳು ಅನ್ನದಾನಮ್ಮ, ಜೋಳದ ಚೀಲಕ್ಕೆ ಒರಗುತ್ತ. “ಇದಕ್ಕ ಬಾಯಿ ಹಚ್ಚಬೇಕಾ, ದೂರ ಇರ್ಬೇಕಾ?”

“ಅಲ್ಲೇ ಮಾತಾಡ್ರಿ ಅಮ್ಮಾರೆ, ಕೇಳ್ತೈತಿ.”

ಮುದುಕಿ ಗಂಟಲು ಸರಿಮಾಡಿಕೊಂಡಳು. “ಬೆಳ್ಳಿ ಬಟ್ಟಲಾಗ…” ಎಂದಳು. ನಿಲ್ಲಿಸಿದಳು. “ಬೆಳ್ಳಿ ಬಟ್ಟಲಾಗ…” ಮತ್ತೆ ನಿಲ್ಲಿಸಿದಳು. “ಮುಂದಿಂದು ಮರ್ತೀನಿ. ಮದಿವ್ಯಾಗ ಹೇಳಿದ್ದು, ಐವತ್ತು ವರ್ಷಾತು.” ಆಮೇಲೆ ಒಡಪಿನ ಹಂಗಿಲ್ಲದೆ, ಹಿಂದಿಲ್ಲ ಮುಂದಿಲ್ಲ, ಒಂದೇ ಶಬ್ದ ಹೇಳಿದಳು.

“ಗುರುಸಂಗಪ್ಪ.”

ಹೇಳಿ ತಾನೇ ಬೆಚ್ಚಿದವಳಂತೆ ಬಾಯಿಗೆ ಕೈ ಅಡ್ಡ ಹಿಡಿದಳು. ಮದುವೆಯ ಒಡಪಿನ ಆಚೆ ಗಂಡ ಇದ್ದಾಗಲೂ ಹೇಳದ ಹೆಸರು, ಗಂಡ ಹೋಗಿ ಹನ್ನೊಂದು ವರ್ಷವಾದ ಮೇಲೂ ಬಾಯಿಗೆ ಬಾರದ ಹೆಸರು, ನಲವತ್ತೇಳು ಮನೆಯ ಗೋಡೆಯಲ್ಲಿ ಒಮ್ಮೆಲೇ ನುಡಿದಿತ್ತು. ಕಂಬದ ಕೆಳಗೆ ಏಕಾಂತಪ್ಪ ಹಾಗೇ ನಿಂತುಬಿಟ್ಟಿದ್ದ. ಅವ್ವನ ಬಾಯಲ್ಲಿ ಅಪ್ಪನ ಹೆಸರು ಅವನು ಕೇಳಿದ್ದು ಅದೇ ಮೊದಲು.

ಮೈಕಿನ ಮುಂದೆ ಮೌನ ಬಿದ್ದರೆ ಎತ್ತಬೇಕಾದದ್ದು ಜಂಬಮ್ಮನ ಕೆಲಸ. ಅಂದು ಎತ್ತಿದವಳು ದ್ಯಾಮಕ್ಕ.

“ಅಮ್ಮಾರೆ, ಒಡಪಿಲ್ದ ಹೆಸರು ಹೇಳಿದ್ರಿ. ದಂಡ ಐತಿ!”

“ಏನ್ ದಂಡನೇ?”

“ಒಂದು ಮಾರು ಹೂ ಕಟ್ಟಬೇಕು.”

“ಕೊಡು ಇತ್ತಾಗ ದಾರ” ಎಂದಳು ಅನ್ನದಾನಮ್ಮ. “ಹನ್ನೊಂದು ವರ್ಷಾತು ಹೂ ಮುಟ್ಟಿ. ಬರ್ತೈತೋ ಇಲ್ಲೋ.”

ಆಗ ಬಂತು ನಗೆ. ಎದುರು ಮನೆಯಿಂದ, ಅದರಾಚೆಯಿಂದ, ಓಣಿಯ ಕೊನೆಯಿಂದ. ಉಚ್ಚಂಗೆಮ್ಮನ ಮನೆಯೊಳಗಿಂದಲೂ ಬಸುರಿ ಸೊಸೆಯ ನಗೆ.

ಕಂಬದ ತುದಿಯಿಂದ ಹುಲುಗೇಶ ಕೂಗಿದ, “ಸಾವ್ಕಾರ್ರೇ, ಕತ್ತರಿಸಲೇನ್ರಿ?”

ಏಕಾಂತಪ್ಪ ತಲೆ ಎತ್ತಲಿಲ್ಲ. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು, ಗದರುವ ದನಿ ತಂದುಕೊಂಡು ಹೇಳಿದ, “ಏನು ಕತ್ತರಸ್ತೀಲೇ? ಆ ಜಾಯಿಂಟ್ ಬಿಗಿ ಮಾಡು. ನಮ್ಮ ಅವ್ವನ ಡಬ್ಬಿ ಗರಗರ ಅಂತೈತಿ.”

ಅಂದು ಮಧ್ಯಾಹ್ನ ಶ್ರೀನಾಥ ಬುಟ್ಟಿ ಹಿಡಿದು ಮನೆಮನೆಗೆ ಬಂದ. ಒಂದು ಮಾಲೆ ಎತ್ತಿದ, ಕೊಡವಿದ. ಮೊಗ್ಗು ನೆಲಕ್ಕೆ ಉದುರಿದವು. ಇನ್ನೊಂದು ಎತ್ತಿದ, ಅದೂ ಹಾಗೇ. ಜಂಬಮ್ಮನ ಮನೆಯ ಮುಂದೆ ನಿಂತು ಹಣೆ ಚಚ್ಚಿಕೊಂಡ.

“ಏನ್ರವ್ವ ಇದು? ಇಡೀ ಓಣೀನ ಸಡ್ಲ! ದಾವಣಗೆರೆ ಮಂದಿಗೆ ನಾ ಏನ್ ಹೇಳ್ಲಿ?”

ಜಂಬಮ್ಮ ಬಾಗಿಲ ಮರೆಯಿಂದ ಹೊರಗೆ ಬಂದು, ಅವನ ಎದುರಿಗೆ, ಓಣಿಯ ನಡುವೆ ನಿಂತಳು.

“ರೇಡಿಯೊ ಕೇಳಿಕೊಂತ ಕಟ್ಯಾರ ಅಂತ ಹೇಳ್ರಿ” ಎಂದಳು.